ನಲವತ್ತು ಸೀಟಿನ ಸಲಹೆ

ಸಲಹೆ ಎಂಬುದು ಬಹಳ ಒಳ್ಳೆಯ ಸರಕು. ಗೋದಾಮು ಬೇಡ, ಗೆದ್ದಲು ಹಿಡಿಯುವುದಿಲ್ಲ, ಎಷ್ಟು ಕೊಟ್ಟರೂ ದಾಸ್ತಾನು ಮುಗಿಯುವುದಿಲ್ಲ. ಪುತ್ತೂರಿನ ದರ್ಬೆಯಲ್ಲಿ ನನ್ನದು ಹಳೆ ಬಾಗಿಲು-ಕಿಟಕಿಗಳ ಅಂಗಡಿ. ಗೆದ್ದಲಿನ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆಡವುವ ಮನೆಯ ವಾಸನೆ ಹಿಡಿದು ಹೋಗಿ, ಚೌಕಾಸಿ ಮಾಡಿ ಬಾಗಿಲು ತಂದು, ಕಟ್ಟುವವರಿಗೆ ಮಾರುವುದು ನನ್ನ ಕಸುಬು. ಕೊಂಡವರಿಗೆ ಬಾಗಿಲನ್ನು ಯಾವ ದಿಕ್ಕಿಗೆ ಇಡಬೇಕು, ಮಗನನ್ನು ಯಾವ ಶಾಲೆಗೆ ಹಾಕಬೇಕು, ಅತ್ತೆಯ ಮಂಡಿನೋವಿಗೆ ಯಾವ ಎಣ್ಣೆ ತಿಕ್ಕಬೇಕು ಎಂಬ ಸಲಹೆ ಉಚಿತ. ಸಲಹೆ ಮುಗಿಯುವ ಮೊದಲೇ ಬಾಗಿಲನ್ನೂ ಬಿಟ್ಟು ಓಡಿಹೋದವರುಂಟು. ಅದು ಅವರ ನಷ್ಟ.

ಹಾಗಿರುವಾಗ ನಮ್ಮೂರ ಕಾಲೇಜಿನವರು ಹಳೆ ವಿದ್ಯಾರ್ಥಿಗಳ ಸಲಹಾ ಮಂಡಳಿ ಎಂದೊಂದನ್ನು ಮಾಡಿದಾಗ ನಾನು ಹೊರಗೆ ಉಳಿಯುವುದು ಸಾಧ್ಯವಿತ್ತೆ? ನಾನು ಓದುವಾಗ ಅದು ಬರೀ ಹೈಸ್ಕೂಲು. ಆಮೇಲೆ ಹೈಸ್ಕೂಲು ಬೆಳೆದು ಕಾಲೇಜಾಯಿತು, ನಾನು ಹೈಸ್ಕೂಲಿನಲ್ಲೇ ನಿಂತೆ. ಆದರೂ ಹಳೆ ವಿದ್ಯಾರ್ಥಿಯೇ ತಾನೆ? ಮರಕ್ಕೆ ಹಳತಾದಷ್ಟೂ ಬೆಲೆ. ಮಂಡಳಿಯಲ್ಲಿ ಇಬ್ಬರು ವಕೀಲರು, ಒಬ್ಬ ಡಾಕ್ಟರು, ಮತ್ತೆ ನಾನು. ವಿಜ್ಞಾನ ವಿಭಾಗದ ಬೇಕುಬೇಡ ನೋಡುವುದು ನಮ್ಮ ಕೆಲಸ. ವಕೀಲರು ಠರಾವು ಬರೆದರು, ಡಾಕ್ಟರು ಅನುಮೋದಿಸಿದರು, ಸಾಮಾನು ತಂದವನು ನಾನು. ಪ್ರಯೋಗಶಾಲೆಗೆ ಶುದ್ಧ ನೀರು ಇಳಿಸುವ ಪಾತ್ರೆ ಬೇಕೆಂದಾಗ, ಪಾನನಿರೋಧದವರು ಯಾವುದೋ ಕಾಡಿನಲ್ಲಿ ಹಿಡಿದ ಕಳ್ಳಭಟ್ಟಿಯ ತಾಮ್ರದ ಹಂಡೆಯನ್ನು ಹರಾಜಿನಲ್ಲಿ ಹಿಡಿದುಕೊಟ್ಟೆ. ಮೊದಮೊದಲು ಆ ನೀರಿಗೆ ಗೇರುಹಣ್ಣಿನ ಘಮ ಇತ್ತಂತೆ. ಹುಡುಗರ ಹಾಜರಿ ಎಂದೂ ಅಷ್ಟು ಚೆನ್ನಾಗಿರಲಿಲ್ಲವೆಂದು ರಸಾಯನಶಾಸ್ತ್ರದ ಶ್ರೀಪತಿ ರಾಯರೇ ಒಪ್ಪಿಕೊಂಡಿದ್ದಾರೆ.

ಈ ರಾಯರು ಬಲು ಸಾಧು. ಹೇಳಿದ ಬೆಲೆಯನ್ನು ತೆತ್ತು, ಮೇಲಿಂದ ಉಪಕಾರವಾಯಿತು ಎನ್ನುವ ಪೈಕಿ. ಅವರಿಗೆ ಇದ್ದದ್ದು ಒಂದೇ ಆಸೆ, ಇಲ್ಲಿ ಬಿ.ಎಸ್ಸಿ. ತರಗತಿ ಆಗಬೇಕು. ಆಗ ಪಿಯುಸಿ ಮುಗಿದರೆ ಅನುಕೂಲವಿದ್ದವರು ಮಂಗಳೂರಿಗೆ, ಉಳಿದವರು ಮನೆಗೆ, ಹುಡುಗಿಯರಂತೂ ಮನೆಗೇ. ತಾನು ಮೊಳಕೆ ಬರಿಸಿದ ಗಿಡವನ್ನು ಪ್ರತಿ ವರ್ಷ ಬೇರೆಯವರು ಕಿತ್ತು ಬಿಸಾಡಿದ ಹಾಗೆ ರಾಯರಿಗೆ ಸಂಕಟ. ವಿಶ್ವವಿದ್ಯಾನಿಲಯದಿಂದ ಪರಿಶೀಲನೆಗೆ ಕಮಿಷನ್ ಬರುವುದೆಂದಾದಾಗ ಅವರು ಇಪ್ಪತ್ತು ಸೀಟಿಗೆ ಅರ್ಜಿ ಬರೆದು ಮಂಡಳಿಯ ಮುಂದಿಟ್ಟರು.

"ಎಂತ ಮಾರಾಯ್ರೆ ಇದು?" ಎಂದೆ. "ಇಪ್ಪತ್ತು ಕೇಳಿದ್ರೆ ಹತ್ತು ಕೊಡ್ತಾರೆ. ನಲವತ್ತು ಕೇಳಿ. ಅವರು ಇಳಿಸ್ತಾರೆ, ನಾವು ಸ್ವಲ್ಪ ಅಳುದು, ಇಪ್ಪತ್ತಕ್ಕೆ ಕೈ ಕುಲುಕುದು. ಮುಗೀತು."

"ಅವರು ಪ್ರೊಫೆಸರುಗಳು. ಬಾಗಿಲು ಕೊಳ್ಳಲಿಕ್ಕೆ ಬರುದಲ್ಲ," ಎಂದರು ರಾಯರು ಮೆಲ್ಲಗೆ.

"ಕೊಳ್ಳುವವರೆಲ್ಲ ಒಂದೇ, ಸುಮ್ಮನಿರಿ," ಎಂದು ನಾನೇ ಇಪ್ಪತ್ತನ್ನು ಹೊಡೆದು ನಲವತ್ತು ಮಾಡಿದೆ. ವಕೀಲರು ಠರಾವು ಮಾಡಿದರು.

ಕಮಿಷನ್ನಿನ ಮೂವರು ಬಂದರು, ಎಳನೀರು ಕುಡಿದರು, ಎಲ್ಲ ನೋಡಿದರು, ತಾಮ್ರದ ಹಂಡೆಯನ್ನು ಎರಡೆರಡು ಸಲ ನೋಡಿದರು. ನಾನು ಅಳುವುದಕ್ಕೆ ಸಿದ್ಧನಾಗಿ ಬಾಗಿಲ ಹತ್ತಿರವೇ ನಿಂತಿದ್ದೆ. ಅವರ ಹಿರಿಯರು ಕನ್ನಡಕ ಒರೆಸುತ್ತ, "ನಲವತ್ತು ತಾನೆ? ಆಗಲಿ," ಎಂದುಬಿಟ್ಟರು. ಚೌಕಾಸಿಯೇ ಇಲ್ಲ! ಹುಟ್ಟಿದ ಲಾಗಾಯ್ತು ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಕಾರಿಗೆ ಹತ್ತುವಾಗ ಅವರು ಇನ್ನೊಂದು ಮಾತು ಸೇರಿಸಿದರು: ತರಗತಿ ತೆರೆಯುವ ದಿನಕ್ಕೆ ನಲವತ್ತು ಮಂದಿ ಕೂಡದಿದ್ದರೆ ಮಂಜೂರಾತಿ ಪೂರ್ತಿ ರದ್ದು. ಇಪ್ಪತ್ತೂ ಇಲ್ಲ, ಹತ್ತೂ ಇಲ್ಲ. ರಾಯರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಇದು ತಪ್ಪಿದರೆ ನನ್ನ ಸರ್ವಿಸಿನಲ್ಲಿ ಮತ್ತೆ ಆಗ್ಲಿಕ್ಕಿಲ್ಲ," ಎಂದಷ್ಟೇ ಹೇಳಿ ಹಂಡೆಯ ಮುಚ್ಚಳ ಹಾಕಿದರು.

ಸಲಹೆ ಕೊಟ್ಟವನೇ ಸರಕು ಹೊರಬೇಕಲ್ಲ. ಅಂಗಡಿಯನ್ನು ಹೆಂಡತಿಗೆ ಬಿಟ್ಟು ಹೊರಟೆ. ಕೆದಂಬಾಡಿಗೆ ನಡೆದೆ, ಸುಳ್ಯದ ಬಸ್ಸಿನಲ್ಲಿ ಜೋತಾಡಿದೆ, ಪಿಯುಸಿ ಪಾಸಾದ ಮಕ್ಕಳಿರುವ ಜಗಲಿಗಳನ್ನೆಲ್ಲ ಹತ್ತಿದೆ. ಹುಡುಗರು ಸಿಕ್ಕಿದರು. ಹುಡುಗಿಯರ ಮಾತೆತ್ತಿದರೆ ಮಾತ್ರ, "ಬಾಯಾರಿಕೆಗೆ ಎಂತ ಬೇಕು?" ಎಂದು ವಿಷಯ ಬದಲಿಸುತ್ತಿದ್ದರು. ಮೂವತ್ತರ ಹತ್ತಿರ ಬಂದು ಲೆಕ್ಕ ಕೆಸರಿನಲ್ಲಿ ಹೂತ ಗಾಡಿಯ ಹಾಗೆ ನಿಂತಿತು. ಉಳಿದದ್ದು ಕಡಬದ ಕಡೆ. ಅಲ್ಲಿ ಕೇರಳದಿಂದ ಬಂದು ರಬ್ಬರು ಹಾಕಿದ ವರ್ಕಿ, ನನ್ನ ಹಳೆ ಗಿರಾಕಿ. ಅವನು ಹ್ಞೂಂ ಅಂದರೆ ಆ ಕಡೆಯವರೆಲ್ಲ ಹ್ಞೂಂ. ಅವನ ಮಗಳು ಆ ವರ್ಷ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು.

ನಾನು ವಿಜ್ಞಾನದ ಮಹಿಮೆಯನ್ನು ಹೇಳಿ ಮುಗಿಸುವವರೆಗೂ ವರ್ಕಿ ತಾಳ್ಮೆಯಿಂದ ಕೇಳಿದ. ಮತ್ತೆ ತನ್ನ ಮಲಯಾಳದಲ್ಲಿ ಧಣಿ ಎಂದು ಕರೆದು ಕೇಳಿದ: "ಮೊದಲಾಳಿ, ನಿಮ್ಮ ಮಗಳೂ ಪಾಸಲ್ವಾ? ಅವಳು ಹೋಗುದಾ?"

"ಅವಳಿಗೆ... ಸುಳ್ಯದಿಂದೊಂದು ಸಂಬಂಧ ಬಂದುಂಟು."

"ಹಾಗಾದ್ರೆ ನಿಮ್ಮ ಮನೆಗೆ ಇಡದ ಬಾಗಿಲನ್ನು ನನಗೆ ಯಾಕೆ ಮಾರುದು?"

ಕಡಬದಿಂದ ಸಿಕ್ಕಿದ ಮೊದಲ ಬಸ್ಸು ಹತ್ತಿದೆ.

ಮನೆಗೆ ಬಂದವನೇ ಮಗಳು ವಸುಧೆಯನ್ನು ಕರೆದೆ. ಮುಂದೆ ಓದುತ್ತೀಯಾ ಎಂದು ಕೇಳಿದೆ. "ಓದ್ತೇನೆ ಅಪ್ಪ. ಮೈಸೂರಿಗೆ ಹೋಗಿ ಡಾಕ್ಟರಿಕೆ ಕಲೀತೇನೆ," ಎಂದಳು. ಮೈಸೂರು! ಹಾಸ್ಟೆಲು! ಆಗದು ಎಂದೆ. ಹಾಗಾದರೆ ಯಾವುದೂ ಬೇಡವೆಂದು ಎದ್ದು ಒಳಗೆ ನಡೆದಳು. ಎದ್ದು ಹೋಗುವ ಗಿರಾಕಿಯನ್ನು ಕರೆಯಬಾರದು, ಕರೆದವನು ಸೋತ. ಇದು ನಾನೇ ಊರಿಗೆಲ್ಲ ಹೇಳುವ ಮಾತು. ಆದರೆ ಕಣ್ಣ ಮುಂದೆ ರಾಯರ ಮುಚ್ಚಳ ಹಾಕಿದ ಹಂಡೆ. ಕರೆದೆ. ಕಾಫಿ ಆರಿ, ಎರಡನೆಯ ಕಾಫಿಯೂ ಆರುವ ತನಕ ಎಳೆದಾಡಿದೆವು. ಕೊನೆಗೆ ಮೈಸೂರಿನಿಂದ ಪುತ್ತೂರಿಗೆ, ಡಾಕ್ಟರಿಕೆಯಿಂದ ಬಿ.ಎಸ್ಸಿ.ಗೆ ಇಳಿಸಿದೆ. ಬದಲಿಗೆ ಡಿಗ್ರಿ ಆಗುವ ತನಕ ಸಂಬಂಧದ ಸುದ್ದಿ ಎತ್ತಬಾರದು ಎಂದಳು, ಒಪ್ಪಿದೆ. ಬಹಳ ಬೇಜಾರಿನಲ್ಲಿ ತಲೆಯಾಡಿಸಿದಳು, ಪಾಪ. ಅಷ್ಟು ಹೊತ್ತೂ ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದಿದ್ದದ್ದೇ ನನಗೆ ಸೂಚನೆಯಾಗಬೇಕಿತ್ತು.

ಸುದ್ದಿ ಮುಟ್ಟಿದ ಮೇಲೆ ವರ್ಕಿಯೂ ಹ್ಞೂಂ ಅಂದ. ಮಗಳನ್ನು ಮಾತ್ರವಲ್ಲ, ಕಡಬದ ಒಂದು ಜೀಪು ತುಂಬ ಮಕ್ಕಳನ್ನೇ ತಂದಿಳಿಸಿದ. ತರಗತಿ ತೆರೆದ ದಿನ ಬೆಂಚುಗಳೆಲ್ಲ ತುಂಬಿ, ಹಿಂದಿನ ಸಾಲಿಗೆ ನನ್ನ ಅಂಗಡಿಯ ಎರಡು ಬಾಗಿಲುಗಳನ್ನು ಕಲ್ಲಿನ ಮೇಲೆ ಮಲಗಿಸಿ ಮೇಜು ಮಾಡಬೇಕಾಯಿತು. ರಾಯರು ಸೀಮೆಸುಣ್ಣ ಹಿಡಿದು ತಲೆ ಎಣಿಸಿ, ನಲವತ್ತು ತುಂಬಿದ ಮೇಲೆ ಬೋರ್ಡಿಗೆ ತಿರುಗಿದರು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ನೋಡಿದ್ರಾ? ಮಗಳನ್ನು ಮೈಸೂರಿನಿಂದ ಇಲ್ಲಿಗೆ ಇಳಿಸಿದೆ!" ಎಂದೆ.

"ಮೈಸೂರಾ?" ರಾಯರು ಕಣ್ಣು ಮಿಟುಕಿಸಿದರು. "ವಸುಧೆ ಕಮಿಷನ್ ಬರುವ ಮೊದಲೇ ಬಂದು, ಇಲ್ಲಿ ಬಿ.ಎಸ್ಸಿ. ಆದ್ರೆ ನನಗೊಂದು ಜಾಗ ಇಡಿ ಸಾರ್, ಅಪ್ಪನನ್ನು ನಾನು ನೋಡಿಕೊಳ್ತೇನೆ ಅಂದಿದ್ದಳಲ್ಲ. ಮೈಸೂರಿನ ಹೆಸರೇ ಎತ್ತಲಿಲ್ಲ."

ಮುಂದಿನ ಸಭೆಯಲ್ಲಿ ಸಸ್ಯಶಾಸ್ತ್ರಕ್ಕೆ ಎಷ್ಟು ಸೀಟು ಕೇಳುವುದೆಂದು ಚರ್ಚೆ ಬಂತು. ಎಲ್ಲರೂ ನನ್ನ ಮುಖ ನೋಡಿದರು.

"ಮನೆಯಲ್ಲಿ ಕೇಳಿ ಹೇಳುತ್ತೇನೆ," ಎಂದೆ.

ಹೆಂಡತಿಗೆ ಹೆದರುವವನೆಂದು ವಕೀಲರು ನಕ್ಕರು. ನಗಲಿ. ಅವರಿಗೆ ವ್ಯಾಪಾರ ಗೊತ್ತಿಲ್ಲ.