ಮ್ಯಾಗ್ನಮ್ ಮದ್ದು

ನನ್ನ ಹೆಂಡತಿ ಭಾನುಮತಿ ಈ ಪರದೇಶದ ಡನೀಡಿನ್ ಊರಿನ ಒಂದು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಆದ್ದರಿಂದ ನಮ್ಮ ಮನೆಯಲ್ಲಿ ಮದ್ದಿನ ಬಗ್ಗೆ ಮಾತನಾಡುವ ಅಧಿಕಾರ ಅವಳೊಬ್ಬಳದೇ. ನನಗೆ ನೆಗಡಿಯಾದರೆ ಅದು ನೆಗಡಿಯೋ ಅಲ್ಲವೋ ಎಂದು ತೀರ್ಮಾನಿಸುವವಳೂ ಅವಳೇ. ಮೂಗು ಮಾತ್ರ ನನ್ನದು. ಇಂಥ ಮನೆಯಲ್ಲಿ ನಾನೂ ಒಂದು ಮದ್ದಿನಲ್ಲಿ ಪಂಡಿತನಾಗಬೇಕು, ಅದರ ಬಗ್ಗೆ ಅವಳಿಗೇ ಉಪದೇಶ ಮಾಡಬೇಕು ಎಂಬ ದುರಾಸೆ ನನಗೆ ಹುಟ್ಟಿತು. ನನ್ನ ಮದ್ದು ನುಂಗುವ ಮದ್ದಲ್ಲ, ಸಿಡಿಯುವ ಮದ್ದು.

ಈ ಆಸೆ ಹಚ್ಚಿದವನು ಡಾಕ್ಟರ್ ಪೂವಯ್ಯ. ಕೊಡಗಿನವನು, ಮೈಸೂರಿನಲ್ಲಿ ಓದಿ ಇಲ್ಲಿನ ಆಸ್ಪತ್ರೆ ಸೇರಿದ ಅರಿವಳಿಕೆ ತಜ್ಞ. ಊರಿಗೆಲ್ಲ ನಿದ್ದೆ ಬರಿಸುವ ಈ ಮನುಷ್ಯ ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದವನು ತಾನೇ ನಿದ್ದೆಗೆಟ್ಟವನಂತೆ ಕೂತಿದ್ದ. ಎರಡನೆಯ ಹೋಳಿಗೆ ಬೇಡವೆಂದ. ಭಾನುಮತಿ ಅವನ ಹಣೆ ಮುಟ್ಟಿ ನೋಡುವುದೊಂದು ಬಾಕಿ.

ವಿಷಯ ಇಷ್ಟು. ಫಿಯೋರ್ಡ್‌ಲ್ಯಾಂಡಿನ ಕಾಡಿನಲ್ಲಿ ದೊಡ್ಡ ಕೊಂಬಿನ ಜಿಂಕೆಗಳ ಬೇಟೆಗೆ ಚೀಟಿ ಎತ್ತಿ ಅವಕಾಶ ಕೊಡುತ್ತಾರೆ. ವರ್ಷಗಟ್ಟಲೆ ಅರ್ಜಿ ಹಾಕಿದ ಮೇಲೆ ಈ ಸಲ ಪೂವಯ್ಯನ ಹೆಸರು ಬಂದಿತ್ತು. ಬರುವ ಶರತ್ಕಾಲದಲ್ಲಿ ಒಂದು ವಾರ. ಅದಕ್ಕೆಂದೇ ಹೊಸ ಮ್ಯಾಗ್ನಮ್ ರೈಫಲ್ ಕೊಂಡಿದ್ದ. ಅದರಲ್ಲಿ ಅಭ್ಯಾಸ ಮಾಡಿದ ಗುರಿಯ ಕಾಗದವನ್ನು ಜೇಬಿನಿಂದ ತೆಗೆದು ಪಾಯಸದ ಪಾತ್ರೆಯ ಪಕ್ಕದಲ್ಲಿ ಬಿಡಿಸಿದ.

"ಇದೇನು, ಜರಡಿಯಾ?" ಎಂದಳು ಭಾನುಮತಿ.

"ಗುರಿ ಅತ್ತಿಗೆ. ನಡುವಿನ ಚುಕ್ಕಿಗೆ ಹೊಡೆದಿದ್ದು. ಅದೊಂದನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಿದ್ದಿದೆ. ಅಂಗಡಿ ತೋಟಾ ಈ ರೈಫಲ್ಲಿಗೆ ಒಗ್ತಾ ಇಲ್ಲ. ಒಂದೊಂದು ರೈಫಲ್ಲಿಗೆ ಒಂದೊಂದು ರುಚಿ ಇರುತ್ತೆ. ಅದಕ್ಕೆ ಹಿಡಿಸೋ ಹಾಗೆ ತೋಟಾನ ನಾವೇ ಕೈಯಲ್ಲಿ ಮಾಡ್ಕೋಬೇಕು. ನನಗೆಲ್ಲಿದೆ ಟೈಮು?"

ರೈಫಲ್ಲಿಗೂ ರುಚಿ ಇರುತ್ತದೆ ಎಂಬ ಮಾತು ನನ್ನ ತಲೆಯೊಳಗೆ ಹುಳದಂತೆ ಹೊಕ್ಕಿತು. ಅದು ಹೇಗೆ ಎಂದು ಕೇಳಿದೆ. ಪೂವಯ್ಯ ವಿವರಿಸಿದ. ತೋಟಾ ಎಂದರೆ ಒಂದು ಹಿತ್ತಾಳೆಯ ಕೊಳವೆ. ಒಳಗೆ ಮದ್ದು, ಬಾಯಿಯಲ್ಲಿ ಗುಂಡು, ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ. ಮದ್ದು ಒಂದೆರಡು ಕಾಳು ಹೆಚ್ಚುಕಡಿಮೆಯಾದರೆ ವೇಗ ಬದಲಾಗುತ್ತದೆ. ಗುಂಡನ್ನು ಕೂದಲೆಳೆಯಷ್ಟು ಒಳಗೆ ಕೂರಿಸಿದರೆ ಅದು ಬೀಳುವ ಜಾಗ ಬದಲಾಗುತ್ತದೆ.

ಕೂದಲೆಳೆ ಎಂಬ ಮಾತು ಕೇಳಿ ಸುಮ್ಮನಿರುವ ಮನುಷ್ಯ ನಾನಲ್ಲ. ತೂಕದ ಯಂತ್ರಗಳನ್ನು ಪರೀಕ್ಷಿಸಿ ತಿದ್ದುವುದೇ ನನ್ನ ಉದ್ಯೋಗ. ಹಾಲಿನಪುಡಿ ಕಾರ್ಖಾನೆಯಿಂದ ಚಿನ್ನದಂಗಡಿಯವರೆಗೆ ಈ ಸೀಮೆಯ ತಕ್ಕಡಿಗಳೆಲ್ಲ ನನ್ನ ಮಾತು ಕೇಳುತ್ತವೆ. (ಮನೆಯಲ್ಲಿ ಕೇಳುವವರಿಲ್ಲ ಎಂಬುದು ಬೇರೆ ವಿಷಯ.)

"ನಾನು ಮಾಡಿಕೊಡ್ತೀನಿ," ಎಂದೆ.

"ಕೇಕಲ್ಲಿ ಮೊಟ್ಟೆ ಇದೆಯಾ ಅಂತ ಬರ್ತ್‌ಡೇ ಮಗುನೇ ವಿಚಾರಣೆ ಮಾಡೋರು ನೀವು," ಎಂದಳು ಭಾನುಮತಿ.

"ನಾನು ಹೊಡೆಯೋದು ಕಾಗದಕ್ಕೆ ಕಣೇ."

"ಕಾಗದ ನಿಮಗೇನು ಮಾಡಿತ್ತು?"

ಗುರಿ ನಿಖರವಾಗಿದ್ದರೆ ಪ್ರಾಣಿ ನರಳುವುದಿಲ್ಲ, ಆದ್ದರಿಂದ ನಿಖರತೆಯೇ ಅಹಿಂಸೆಯ ಪರಮೋಚ್ಚ ರೂಪ ಎಂದು ನಾನು ಒಂದು ಪುಟ್ಟ ಪ್ರವಚನ ಕೊಟ್ಟೆ. ಅದು ಮುಗಿಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿದ್ದಳು. ಪೂವಯ್ಯ ಮಾತ್ರ ಎರಡನೆಯ ಹೋಳಿಗೆ ಬಡಿಸಿಕೊಂಡ.

ತೋಟಾ ಇಟ್ಟುಕೊಳ್ಳುವುದಕ್ಕೂ ಈ ದೇಶದಲ್ಲಿ ಲೈಸೆನ್ಸ್ ಬೇಕು. ಅದಕ್ಕೆ ಅಭ್ಯರ್ಥಿಯ ಹೆಂಡತಿಯನ್ನು ಪ್ರತ್ಯೇಕವಾಗಿ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಅಧಿಕಾರಿಯಾಗಿ ಬಂದವರು ತುಂಬ ಸೌಮ್ಯ ಮಹಿಳೆ. ನಾನು ಪಕ್ಕದ ಕೋಣೆಯಲ್ಲಿ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ.

"ನಿಮ್ಮ ಗಂಡನಿಗೆ ಸಿಟ್ಟು ಬರುತ್ತಾ?"

"ಬರುತ್ತೆ. ಆದ್ರೆ ಅವರೇ ಹೇಳೋ ತನಕ ಯಾರಿಗೂ ಗೊತ್ತಾಗಲ್ಲ."

"ಅವರಿಂದ ನಿಮಗೆ ಭಯ ಏನಾದರೂ ಇದೆಯಾ?"

"ನನಗಿಲ್ಲ. ನನ್ನಿಂದ ಅವರಿಗೆ ಇದ್ಯಾ ಅಂತ ಅವರನ್ನೇ ಕೇಳಿ."

ಅಧಿಕಾರಿಣಿ ನಕ್ಕದ್ದು ಕೇಳಿಸಿತು. ಲೈಸೆನ್ಸ್ ಬಂತು. ಇಷ್ಟು ನಿರುಪದ್ರವಿ ಗಂಡ ಅವರ ಸೇವಾವಧಿಯಲ್ಲೇ ಸಿಕ್ಕಿರಲಿಲ್ಲವೋ ಏನೋ.

ರೈಫಲ್ ಪೂವಯ್ಯನ ಮನೆಯ ಉಕ್ಕಿನ ಕಪಾಟಿನಲ್ಲೇ ಉಳಿಯಿತು. ನಮ್ಮ ಗ್ಯಾರೇಜಿನಲ್ಲಿ ಮಾತ್ರ ನನ್ನ ಪ್ರಯೋಗಶಾಲೆ ಎದ್ದಿತು. ಕಾರು ಬೀದಿಗೆ ಹೋಯಿತು. ಮೇಜಿನ ಮೇಲೆ ತಿರುಗಣೆಯ ಒತ್ತುಯಂತ್ರ, ಉಸಿರು ಬಿಟ್ಟರೂ ಅಂಕಿ ಬದಲಾಗುವ ತಕ್ಕಡಿ, ಅಳತೆಗೋಲುಗಳು. ಸುಟ್ಟ ಹಿತ್ತಾಳೆ ಕೊಳವೆಗಳನ್ನು ತೊಳೆಯಲು ಅಂಗಡಿಯಲ್ಲಿ ಏನೇನೋ ದ್ರಾವಣ ಸಿಗುತ್ತದೆ. ನಾನು ಹುಣಸೆಹಣ್ಣು ಹಾಕಿದೆ. ಬಂಗಾರದ ಹಾಗೆ ಹೊಳೆದವು.

"ದೇವರ ದೀಪ ಕಪ್ಪಾಗಿ ಕೂತಿದೆ," ಎಂದಳು ಭಾನುಮತಿ ಬಾಗಿಲಲ್ಲಿ ನಿಂತು. "ಸಾರಿಗೆ ಹುಣಸೆಹಣ್ಣಿಲ್ಲ. ತೋಟಾಗೆ ಅಭ್ಯಂಜನ ಆಗ್ತಾ ಇದೆ."

ಅವಳು ಈ ದುಃಖವನ್ನು ಫೋನಿನಲ್ಲಿ ಮೈಸೂರಿನ ತನ್ನ ತಾಯಿಗೂ ತೋಡಿಕೊಂಡಳು. "ರಜಾ ಇದ್ದಾಗೆಲ್ಲ ಇವರು ತೋಟಾ ಮಾಡ್ತಾ ಕೂತಿರ್ತಾರಮ್ಮ." ನನ್ನ ಅತ್ತೆಗೆ ಸ್ವಲ್ಪ ಕಿವಿ ಮಂದ. ಅಳಿಯಂದಿರು ತೋಟ ಮಾಡುತ್ತಿದ್ದಾರೆಂದು ಅವರಿಗೆ ಹಿಡಿಸಲಾರದಷ್ಟು ಸಂತೋಷ. "ಒಳ್ಳೇದಾಯ್ತು ಬಿಡು, ಬೆವರು ಸುರಿಸಲಿ. ಏನು ಹಾಕಿದಾರಂತೆ?" ಎಂದರು. ಭಾನುಮತಿ ಸುಸ್ತಾಗಿ, "ಮದ್ದು ಹಾಕ್ತಾ ಇದಾರೆ," ಎಂದಳು. "ಹುಳಕ್ಕೆ ಬೇವಿನ ಹಿಂಡೀನೇ ಸಾಕು ಅಂತ ಹೇಳು," ಎಂದು ಫೋನಿಟ್ಟರು.

ಮೊದಲ ಶನಿವಾರ ಪೂವಯ್ಯನ ಯೂಟ್ ಎಂಬ, ಹಿಂಭಾಗ ತೆರೆದ ಗಾಡಿಯಲ್ಲಿ ಊರಾಚೆಯ ಗುರಿ ಮೈದಾನಕ್ಕೆ ಹೋದೆವು. ನಾನು ತಯಾರಿಸಿದ ತೋಟಾಗಳು ಮೂರು ಮೂರರ ಗುಂಪು, ಮದ್ದಿನ ಅಳತೆಯಲ್ಲಿ ಗುಂಪಿಗಿಂತ ಗುಂಪು ಸೂಕ್ಷ್ಮವಾಗಿ ಭಿನ್ನ. ಎಲ್ಲವೂ ಪುಸ್ತಕ ಹೇಳಿದ ಮಿತಿಯೊಳಗೆ. ಅವುಗಳಲ್ಲಿ ಯಾವುದು ರೈಫಲ್ಲಿಗೆ ರುಚಿಸುತ್ತದೋ ನೋಡುವುದು. ಮರಳುಚೀಲದ ಮೇಲೆ ಕೋವಿಯಿಟ್ಟು ನಾನೇ ಕುದುರೆ, ಅಂದರೆ ಟ್ರಿಗರ್, ಎಳೆದೆ. ಮ್ಯಾಗ್ನಮ್ ಎಂದರೆ ಏನೆಂದು ಆಗ ತಿಳಿಯಿತು. ಸದ್ದಲ್ಲ ಅದು, ಘಟನೆ. ಹೆಗಲಿಗೆ ಹೋರಿ ಗುಮ್ಮಿದಂತಾಯಿತು. ಕಾಗದದಲ್ಲಿ ಗುಂಡುಗಳು ದೂರದ ನೆಂಟರಂತೆ ಅಲ್ಲೊಂದು ಇಲ್ಲೊಂದು ನಿಂತಿದ್ದವು.

ಒಂದು ಅಳತೆಯ ಮದ್ದಿನಲ್ಲಿ ಮಾತ್ರ ಮೂರು ತೂತುಗಳು ಒತ್ತಟ್ಟಿಗೆ ಬಿದ್ದಿದ್ದವು. ನಾನು ಕಾಗದ ಹಿಡಿದು ಮನೆಗೆ ಓಡಿಬಂದೆ. "ಸಿಕ್ಕಿತು," ಎಂದೆ.

ಭಾನುಮತಿ ಕನ್ನಡಕ ಏರಿಸಿ ನೋಡಿದಳು. "ಮೂರೇ ಮೂರಾ? ಮೂರು ಪೇಷೆಂಟಿಗೆ ಮಾತ್ರೆ ಕೊಟ್ಟು ವಾಸಿಯಾಯ್ತು ಅಂತ ಯಾರಾದ್ರೂ ಔಷಧಿ ಮಾರ್ತಾರಾ? ಇನ್ನೊಂದ್ಸಲ ಹೊಡೀರಿ."

ಮುಂದಿನ ಶನಿವಾರ ಅದೇ ಮದ್ದು, ಅದೇ ಅಳತೆ. ಗುಂಡುಗಳು ಮತ್ತೆ ಚೆಲ್ಲಾಪಿಲ್ಲಿ. ಅಲ್ಲಿಂದ ನನ್ನ ಕುತೂಹಲ ಹುಚ್ಚಿಗೆ ತಿರುಗಿತು. ಗುಂಡು ಕೂರಿಸುವ ಆಳ ಬದಲಿಸಿದೆ. ಕೊಳವೆಗಳನ್ನು ತೂಕ ಮಾಡಿ ಮನೆತನಗಳಾಗಿ ವಿಂಗಡಿಸಿದೆ. ಗಾಳಿಯನ್ನು ಅನುಮಾನಿಸಿದೆ, ಚಳಿಯನ್ನು ಅನುಮಾನಿಸಿದೆ, ಹುಣಸೆಹಣ್ಣನ್ನೂ ಅನುಮಾನಿಸಿ ಅಂಗಡಿಯ ದ್ರಾವಣಕ್ಕೆ ಶರಣಾದೆ. ಊಟಕ್ಕೆ ಕೂತರೆ ಅನ್ನದ ಅಗುಳು ಮದ್ದಿನ ಕಾಳಿನಂತೆ ಕಾಣುತ್ತಿತ್ತು. ಮಗಳು ಪ್ರತೀಕ್ಷಾಳನ್ನು ಕಾಲೇಜಿನಿಂದ ಕರೆತರಲು ಹೋಗಿ, ಅವಳು ಕಾರು ಹತ್ತುವ ಮೊದಲೇ ಯಾವುದೋ ಅಳತೆಯ ಯೋಚನೆಯಲ್ಲಿ ಹೊರಟುಬಂದೆ. "ಡ್ಯಾಡ್ ಈಸ್ ನಾಟ್ ವೆಲ್," ಎಂದು ಅವಳು ತಾಯಿಗೆ ವರದಿ ಕೊಟ್ಟಳು.

ಶರತ್ಕಾಲ ಹತ್ತಿರ ಬಂತು. ಪೂವಯ್ಯನ ಮುಖ ಮತ್ತೆ ಇಳಿಯಿತು. ಅವನು ಹೊಡೆದರೂ ಅಷ್ಟೇ, ನಾನು ಹೊಡೆದರೂ ಅಷ್ಟೇ. "ಮೂರ್ತಿ, ಹಿಂಗೇ ಆದ್ರೆ ನಾನು ಕಾಡಿಗೆ ಹೋಗಲ್ಲ. ಗಾಯ ಮಾಡಿ ಬಿಟ್ಟು ಬರೋ ಪಾಪ ನನಗೆ ಬೇಡ," ಎಂದ. ನನಗೆ ನಿಜಕ್ಕೂ ಸಂಕಟವಾಯಿತು. ಮಾತು ಕೊಟ್ಟವನು ನಾನು.

ಆ ಶನಿವಾರ ಭಾನುಮತಿ ತಾನೂ ಬರುತ್ತೇನೆಂದಳು. "ಆ ರೈಫಲ್ಲಿನ ನಾಲಿಗೆ ನಾನೂ ಸ್ವಲ್ಪ ನೋಡ್ತೀನಿ," ಎಂದಳು.

ಮೈದಾನದಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡು ಪಕ್ಕದಲ್ಲಿ ನಿಂತಳು. ಮೊದಲು ನಾನು ಹೊಡೆದೆ, ಆಮೇಲೆ ಪೂವಯ್ಯ. ಅವಳು ಕಾಗದದ ಕಡೆ ಒಂದು ಸಲವೂ ನೋಡಲಿಲ್ಲ. ನಮ್ಮ ಮುಖಗಳನ್ನೇ ನೋಡುತ್ತಿದ್ದಳು. ಆಮೇಲೆ ಪೂವಯ್ಯನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ಹುಬ್ಬೇರಿಸಿದ. ಬಂದು ಹೊಸ ತೋಟಾ ತುಂಬುವವನಂತೆ ಕೈಯಾಡಿಸಿ ರೈಫಲನ್ನು ನನ್ನ ಮುಂದಿಟ್ಟ.

ನಾನು ಉಸಿರು ಹಿಡಿದು ಕುದುರೆ ಎಳೆದೆ.

ಟಿಕ್ ಎಂದಿತು. ಒಳಗೆ ತೋಟಾನೇ ಇರಲಿಲ್ಲ. ಆದರೆ ನಾನು ಮಾತ್ರ ಸಿಡಿದಿದ್ದೆ. ಹೆಗಲು ಮುಂದಕ್ಕೆ ನುಗ್ಗಿ, ಕೋವಿಯ ಮೂತಿ ನೆಲ ಮೂಸುವ ನಾಯಿಯಂತೆ ಕೆಳಗೆ ಬಾಗಿತ್ತು.

"ಕಣ್ಣು ತೆಗೀರಿ," ಎಂದಳು ಭಾನುಮತಿ.

ಆಗಲೇ ನನಗೆ ಗೊತ್ತಾಗಿದ್ದು, ಕಣ್ಣು ಮುಚ್ಚಿದೆ ಎಂದು.

"ಅಂಗಡಿಯಲ್ಲಿ ದಿನಾ ಜನಕ್ಕೆ ಫ್ಲೂ ಇಂಜೆಕ್ಷನ್ ಕೊಡ್ತೀನಿ. ಸೂಜಿ ತಾಗೋಕೆ ಮುಂಚೆ ಮುಖ ಹಿಂಡೋರು ಹೆಂಗಿರ್ತಾರೆ ಅಂತ ನನಗೆ ಗೊತ್ತಿಲ್ವಾ? ಒದೆ ಬೀಳುತ್ತೆ ಅಂತ ಮೊದಲೇ ಹೆದರಿ ನೀವೇ ಅದನ್ನ ತಳ್ತೀರಿ. ಮದ್ದು ಪಾಪ ಏನು ಮಾಡುತ್ತೆ?"

ಪೂವಯ್ಯ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕ. "ಈಗ ನೀವು ಕೂತ್ಕೊಳ್ಳಿ ಡಾಕ್ಟ್ರೇ," ಎಂದಳು ಅವಳು. ಈ ಸಲ ಅವನಿಗೆ ಬೆನ್ನು ತಿರುಗಿಸಲು ಹೇಳಿ, ತುಂಬಿದೆಯೋ ಖಾಲಿಯೋ ತಿಳಿಯದಂತೆ ನಾನು ರೈಫಲ್ ಸಿದ್ಧ ಮಾಡಿಕೊಟ್ಟೆ. ಟಿಕ್. ಕೊಡಗಿನ ವೀರನೂ ಕೋಳಿ ನೀರು ಕುಡಿದಂತೆ ತಲೆ ಬಗ್ಗಿಸಿದ. ಮೈದಾನದ ಆ ತುದಿಯಲ್ಲಿದ್ದ ಮೂವರು ಕಿವಿಗಳು ಬಹಳ ಮರ್ಯಾದೆಯಿಂದ ಮೋಡ ನೋಡತೊಡಗಿದರು. (ಕಿವಿ ಎಂದರೆ ಈ ದೇಶದ ಜನ. ಮುಖಕ್ಕಂಟಿದ ಕಿವಿಯಲ್ಲ.)

ಹಾಗಿದ್ದರೂ ನನ್ನ ತೋಟಾದ ಗುಣ ತಿಳಿಯಬೇಕಲ್ಲ. ಬೆಚ್ಚದವರು ಯಾರಾದರೂ ಹೊಡೆಯಬೇಕು. ಪೂವಯ್ಯ ಪಕ್ಕದಲ್ಲೇ ನಿಂತು ಹೇಳಿಕೊಟ್ಟ. ಭಾನುಮತಿ ಕೂತಳು. ಹದಿಹರೆಯದ ಮಗಳನ್ನು ಸಾಕಿದವಳು, ಸದ್ದಿಗೆ ಹೆದರುವಳೇ? ನನ್ನ ತೋಟಾಗಳನ್ನು ಒಂದೊಂದಾಗಿ ಹಾರಿಸಿದಳು. ಕಾಗದ ತಂದು ನೋಡಿದರೆ ತೂತುಗಳೆಲ್ಲ ಒಂದು ನಾಣ್ಯದಡಿ ಅಡಗುವಷ್ಟು ಹತ್ತಿರ.

ನನ್ನ ಕಣ್ಣು ತುಂಬಿ ಬಂತು. "ನೋಡಿದೆಯಾ? ನನ್ನ ಮದ್ದು," ಎಂದೆ.

"ತಾಳಿ. ಹೋಲಿಕೆ ಇಲ್ದೆ ಯಾವ ಮದ್ದನ್ನೂ ಒಪ್ಪೋ ಹಾಗಿಲ್ಲ," ಎಂದಳು. "ಡಾಕ್ಟ್ರೇ, ಆ ಅಂಗಡಿ ತೋಟಾ ಮಿಕ್ಕಿದ್ಯಾ?"

ಮಿಕ್ಕಿತ್ತು. ಹೊಡೆದಳು. ಎರಡು ಕಾಗದಗಳನ್ನೂ ಯೂಟ್‌ನ ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟಳು. ಅಂಗಡಿಯದೂ ಅಷ್ಟೇ ಹತ್ತಿರ. ನನ್ನ ಅಳತೆಗೋಲಿನಿಂದ ಅಳೆದೆ. ಕೂದಲೆಳೆಯಷ್ಟು ವ್ಯತ್ಯಾಸವಿತ್ತು. ಅಂಗಡಿಯದೇ ಚಿಕ್ಕದು.

ವಾಪಸು ಬರುವಾಗ ನಾನು ಎರಡೂ ಕಾಗದಗಳನ್ನು ಮತ್ತೆ ಮತ್ತೆ ಅಳೆದೆ. ಮನೆ ಹತ್ತಿರ ಬಂದಾಗ ಅವಳೇ, "ನಿಮ್ಮದೇನೂ ಕಳಪೆ ಅಲ್ಲ ಬಿಡಿ. ಕಂಪನಿಗೆ ಸಮ ಇದೆ," ಎಂದಳು. ಅದು ಸಮಾಧಾನವೋ ತೀರ್ಪೋ ಗೊತ್ತಾಗಲಿಲ್ಲ.

ಚಿಕಿತ್ಸೆಯನ್ನೂ ಅವಳೇ ಬರೆದುಕೊಟ್ಟಳು. ಗ್ಯಾರೇಜಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ನಾನೂ ಪೂವಯ್ಯನೂ ಗೋಡೆಗೆ ಮುಖ ಮಾಡಿ, ಹೆಗಲಿಗೆ ಪೊರಕೆಯ ಹಿಡಿಕೋಲು ಆನಿಸಿಕೊಂಡು, ಗೋಡೆಯ ಮೇಲಿನ ಚುಕ್ಕಿಯನ್ನು ದಿಟ್ಟಿಸಿ ಕೂರಬೇಕು. ಹಿಂದೆ ಅವಳು ಯಾವಾಗ ಬೇಕಾದರೂ ಸೌಟಿನಿಂದ ಸ್ಟೀಲ್ ತಟ್ಟೆ ಬಡಿಯುತ್ತಾಳೆ. ರೆಪ್ಪೆ ಮಿಟುಕಿಸಿದವನಿಗೆ ಕಾಫಿ ಇಲ್ಲ. ಒಂದು ದಿನ ಪ್ರತೀಕ್ಷಾಳ ಗೆಳತಿ ಬಾಗಿಲಲ್ಲಿ ನಿಂತು ನೋಡಿ, ಇವರು ಏನು ಮಾಡುತ್ತಿದ್ದಾರೆ ಎಂದು ಪಿಸುಗುಟ್ಟಿದಳು. "ಹಂಟಿಂಗ್," ಎಂದಳು ನನ್ನ ಮಗಳು, ತಿರುಗಿಯೂ ನೋಡದೆ.

ಚಿಕಿತ್ಸೆ ಫಲಿಸಿತು. ಮೈದಾನದಲ್ಲಿ ಪೂವಯ್ಯನ ಗುಂಡುಗಳು ಚುಕ್ಕಿಯ ಸುತ್ತ ಸೇರತೊಡಗಿದವು. ಅವನು ನೆಮ್ಮದಿಯಿಂದ ಕಾಡಿಗೆ ಹೊರಟ. ಹೊರಡುವ ಮುನ್ನ ನನ್ನ ಮರ್ಯಾದೆಗಾಗಿ ಅಂಗಡಿಯ ಡಬ್ಬಿ ಬಿಟ್ಟು ನನ್ನ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡ. ಸ್ನೇಹವೆಂದರೆ ಅದು.

ವಾರ ಕಳೆದು ಗಡ್ಡ ಬಿಟ್ಟುಕೊಂಡು ಬಂದ. ಬರಿಗೈ. ಭಾನುಮತಿ ಕಾಫಿ ಕೊಟ್ಟು, "ಏನಾಯ್ತು ಡಾಕ್ಟ್ರೇ? ಕಂಡಿದ್ದಾದ್ರೂ ಕಂಡ್ತಾ?" ಎಂದಳು.

"ಕಂಡ್ತು ಅತ್ತಿಗೆ. ಎಂಥಾ ಕೊಂಬು ಅಂತೀರಿ. ಕೂತು, ಉಸಿರು ಹಿಡಿದು, ನೀವು ಹೇಳಿದ ಹಾಗೇ ಹೊಡೆದೆ. ಕಣ್ಣು ರೆಪ್ಪೆ ಅಲ್ಲಾಡಿಸಲಿಲ್ಲ."

"ಮತ್ತೆ?"

"ಅದಕ್ಕೇ ಅದು ತಪ್ಪಿಸಿಕೊಂಡು ಓಡಿದ್ದು ಮೊದಲಿಂದ ಕೊನೆಯವರೆಗೂ ಕಾಣಿಸ್ತು."

ಅವಳು ಕಾಫಿಯ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ನಾನು ಗಾಳಿಯ ವಿಷಯ ಎತ್ತಿದೆ. ಕಣಿವೆಯಲ್ಲಿ ಗಾಳಿ ಸುತ್ತುತ್ತದೆ, ಅದು ದೊಡ್ಡ ಶಾಸ್ತ್ರ, ಅದಕ್ಕೆ ಗುಂಡಿನ ಆಕಾರವನ್ನೇ ಬದಲಿಸಿ ಮೊದಲಿಂದ ಪ್ರಯೋಗ ಮಾಡಬೇಕಾಗುತ್ತದೆ ಎಂದು ವಿವರಿಸತೊಡಗಿದೆ. ಪೂವಯ್ಯ ಗಡ್ಡ ಕೆರೆದುಕೊಂಡು, "ಗಾಳಿ ಇರಲಿಲ್ಲ ಮೂರ್ತಿ," ಎಂದ.