ಮೂರು ಪುಸ್ತಕ, ಒಂದು ಚಿಟಿಕೆ ಮದ್ದು

ಮದ್ದಿನ ಬಗ್ಗೆ ನಮ್ಮ ಭಾವನವರಷ್ಟು ತಿಳಿದವರು ಜೆ.ಪಿ. ನಗರದ ಯಾವ ಫೇಸಿನಲ್ಲೂ ಸಿಗಲಾರರು. ಅಷ್ಟೆಲ್ಲ ತಿಳಿದೂ ಅದನ್ನು ಒಂದು ಚಿಟಿಕೆಯೂ ಮುಟ್ಟದವರು ಪ್ರಪಂಚದಲ್ಲೇ ಸಿಗಲಾರರು!

ಮದ್ದು ಎಂದೊಡನೆ ನೀವು ಕಷಾಯವನ್ನೋ ಲೇಹ್ಯವನ್ನೋ ನೆನೆಸಿಕೊಂಡಿದ್ದರೆ ತಪ್ಪು ನಿಮ್ಮದಲ್ಲ, ಕನ್ನಡದ್ದು. ಕಾಯಿಲೆ ವಾಸಿಮಾಡುವುದೂ ಮದ್ದು, ಬಂದೂಕಿನಲ್ಲಿ ಸಿಡಿಯುವುದೂ ಮದ್ದು, ಆಗದವರು ಊಟದಲ್ಲಿ ಬೆರೆಸಿಬಿಡುತ್ತಾರೆಂದು ಜನ ಹೆದರುವುದೂ ಮದ್ದೇ. ಭಾವನವರದು ಸಿಡಿಯುವ ಮದ್ದು.

ಅವರ ತಂದೆ ಹುಳಿಮಾವಿನ ಕಡೆ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಕಾಡುಹಂದಿ ಓಡಿಸಲು ಲೈಸೆನ್ಸಿನ ರೈಫಲ್ ಒಂದನ್ನು ಇಟ್ಟುಕೊಂಡಿದ್ದರು. ಹೊಲದ ಮೇಲೆ ಅಪಾರ್ಟ್‌ಮೆಂಟ್ ಎದ್ದಿತು, ಹಂದಿಗಳು ಮನೆ ಬದಲಾಯಿಸಿದವು, ರೈಫಲ್ ಮಾತ್ರ ಭಾವನವರ ಪಾಲಿಗೆ ಉಳಿಯಿತು. ಆ ಅಳತೆಯ ತೋಟಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳಿಗೇ ಹೊಸದಾಗಿ ಮದ್ದು, ಗುಂಡು ತುಂಬಬೇಕು. ಅದಕ್ಕೆ ಬೇಕಾದ ಅನುಮತಿ ಪತ್ರ ಭಾವನವರ ಬಳಿ ಇದೆ. ಶೂಟಿಂಗ್ ಕ್ಲಬ್ಬಿನ ಹಿರಿಯ ಮೇಷ್ಟರೊಬ್ಬರು ಎದುರಿಗೆ ಕೂತು ತುಂಬಿಸಿಕೊಡಲು ಸಿದ್ಧರಿದ್ದಾರೆ. ಮತ್ತೇನು ಅಡ್ಡಿ?

ಅಡ್ಡಿ ಪುಸ್ತಕಗಳದು. ಯಾವ ತೋಟಾಕ್ಕೆ ಎಷ್ಟು ತೂಕದ ಮದ್ದು ಎಂದು ಹೇಳುವ ಕೈಪಿಡಿಗಳಿರುತ್ತವಂತೆ. ಭಾವನವರ ಹತ್ತಿರ ಅಂಥವು ಮೂರಿವೆ. ಮೂರೂ ದಪ್ಪ, ಮೂರೂ ಇಂಗ್ಲಿಷು, ಮೂರರ ಲೆಕ್ಕವೂ ಬೇರೆ ಬೇರೆ! ಒಂದು ಪುಸ್ತಕ ‘ಇಲ್ಲಿಂದ ಶುರು ಮಾಡಿ’ ಎನ್ನುವ ತೂಕವನ್ನೇ ಇನ್ನೊಂದು ‘ಇದನ್ನು ದಾಟಿದರೆ ನಾವು ಜವಾಬ್ದಾರರಲ್ಲ’ ಎನ್ನುತ್ತದೆ. ಮೂರನೆಯದು ಇವೆರಡರ ಮುಖವನ್ನೂ ನೋಡದೆ ತನ್ನದೇ ದಾರಿ ಹಿಡಿದಿದೆ. ಹುಳಿಗೆ ಇಂಗು ಎಷ್ಟು ಎಂದು ಅಮ್ಮ, ಅತ್ತೆ, ಚಿಕ್ಕಮ್ಮ ಮೂವರನ್ನೂ ಕೇಳಿದ ಹಾಗೆ. ವ್ಯತ್ಯಾಸವಿಷ್ಟೆ: ಇಂಗು ಹೆಚ್ಚಾದರೆ ಅಡುಗೆಮನೆ ಹಾರಿಹೋಗುವುದಿಲ್ಲ.

ಈ ಜಗಳ ಭಾವನವರಿಗೆ ಅಂಟಿಕೊಂಡು ವರ್ಷಗಳಾದವು. ಒಮ್ಮೆ ಪಾರ್ಕಿನ ಬೆಂಚಿನಲ್ಲಿ ಕೂತು ಕ್ಲಬ್ಬಿನ ಗೆಳೆಯರೊಬ್ಬರ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದರು. “ಮದ್ದು ಕಮ್ಮಿ ಹಾಕಿದ್ರೂ ಕಷ್ಟ, ಜಾಸ್ತಿ ಹಾಕಿದ್ರಂತೂ ಕಥೆ ಮುಗೀತು!” ಅಲ್ಲೇ ಸುತ್ತು ಹಾಕುತ್ತಿದ್ದ ಪಕ್ಕದ ಮನೆಯ ಹೆಂಗಸು ಅದನ್ನು ಕೇಳಿಸಿಕೊಂಡು ವಾಕಿಂಗ್ ಅರ್ಧಕ್ಕೇ ನಿಲ್ಲಿಸಿ ನಮ್ಮ ಅಕ್ಕನ ಬಳಿಗೆ ಓಡಿಬಂದರು.

“ಆಂಟಿ, ಹೇಳ್ದೆ ಅಂತ ಬೇಜಾರ್ ಮಾಡ್ಕೋಬೇಡಿ. ನಿಮ್ಮನೆಯವರು ಯಾರಿಗೋ ಮದ್ದು ಹಾಕೋ ಹಂಗಿದೆ. ಅವರ ಕೈಯಿಂದ ಏನೂ ತಿನ್ಬೇಡಿ!”

“ಅಯ್ಯೋ, ಮದ್ವೆಯಾದಾಗಿಂದ ಒಂದ್ ಲೋಟ ಕಾಫಿ ಮಾಡ್ಕೊಟ್ಟಿಲ್ಲಮ್ಮ,” ಎಂದಳು ಅಕ್ಕ. “ಮದ್ದು ಬೆರೆಸಕ್ಕಾದ್ರೂ ಒಂದ್ಸಲ ಅಡುಗೆಮನೆಗೆ ಬರ್ಲಿ!”

ಬರುತ್ತಾರೆ, ಬಂದರೆ ಉಪವಾಸ! ಹೊಸ ಕುಕ್ಕರ್ ತಂದ ದಿನ ನಾನೂ ಅಲ್ಲೇ ಇದ್ದೆ. ಕುಕ್ಕರಿನ ಪುಸ್ತಿಕೆಯಲ್ಲಿ ಅಕ್ಕಿಗೆ ಎರಡರಷ್ಟು ನೀರು ಎಂದಿತ್ತು, ಅಕ್ಕಿಯ ಚೀಲದ ಮೇಲೆ ಎರಡೂವರೆ ಎಂದಿತ್ತು. ಭಾವನವರು ಎರಡನ್ನೂ ಎದುರುಬದುರು ಇಟ್ಟುಕೊಂಡು ಕೂತರು. ಕೊನೆಗೆ ನಾವೆಲ್ಲ ಹೋಟೆಲಿಗೆ ಹೋಗಿ ರೈಸ್‌ಬಾತ್ ತಿಂದು ಬಂದೆವು. ಅಲ್ಲಿಯೂ ಅವರು ಮಾಣಿಯನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: “ನೀರು ಎಷ್ಟಿಡ್ತೀರಪ್ಪ?”

ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ, ಭಾವನವರು ರೈಫಲ್ಲಿಗೆ ಎಣ್ಣೆ ಒರೆಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಹೊತ್ತು ಹೋಗುತ್ತಾರೆ. ಅಲ್ಲಿನ ಪೇದೆಗೂ ಇವರ ಕಥೆ ಬಾಯಿಪಾಠ.

“ಏನ್ ಸಾರ್, ಈ ಸಲಾನಾದ್ರೂ ಹೊಡೆದ್ರಾ?”

“ಎಲ್ಲಪ್ಪ! ಪುಸ್ತಕಗಳಲ್ಲೇ ಇನ್ನೂ ಒಮ್ಮತ ಇಲ್ಲ.”

“ಪಾರ್ಟಿಗಳಲ್ಲೇ ಇಲ್ಲ, ಪುಸ್ತಕದಲ್ಲಿ ಎಲ್ಲಿಂದ ಬರ್ಬೇಕು? ಇಲ್ಲಿ ಸೈನ್ ಮಾಡಿ.”

ಎಲ್ಲರಿಗೂ ಇದು ತಮಾಷೆ, ಅಕ್ಕನಿಗೆ ಅಲ್ಲ. ನಮ್ಮಪ್ಪ ಒಂದು ದೀಪಾವಳಿಯಲ್ಲಿ ಠುಸ್ಸೆಂದ ಪಟಾಕಿಯನ್ನು ಬಗ್ಗಿ ನೋಡಲು ಹೋಗಿ ಎಡಗಣ್ಣು ಕಳೆದುಕೊಂಡವರು. ಪಕ್ಕದಲ್ಲಿ ಸುರುಸುರುಬತ್ತಿ ಹಿಡಿದು ನಿಂತಿದ್ದವಳು ಅಕ್ಕ. ಇವತ್ತಿಗೂ ಬೀದಿಯಲ್ಲಿ ಬೈಕಿನ ಸೈಲೆನ್ಸರ್ ಸಿಡಿದರೆ ಅವಳ ಕೈಯ ಸೌಟು ಕೆಳಗೆ ಬೀಳುತ್ತದೆ. “ನಿಮ್ ಭಾವ ಒಂದಿನ ಅದನ್ನ ತುಂಬಿಸ್ತಾರೆ ಕಣೋ, ಅವತ್ತು ನಾನು ಬದುಕಿರಲ್ಲ,” ಎಂದು ನನಗೆ ಫೋನು ಮಾಡುತ್ತಿದ್ದಳು. ಭಯಪಡುವ ಕೆಲಸವನ್ನು ನನಗೆ ಒಪ್ಪಿಸುವುದೆಂದರೆ ಮೀನಿಗೆ ಈಜು ಹೇಳಿಕೊಟ್ಟ ಹಾಗೆ! ನಾನು ಮೆಟ್ರೋ ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಇಳಿದು ವಾಪಸು ಹೋಗುವ ಜಾತಿ.

ಅಂಥ ನನ್ನ ತಲೆಗೆ ಒಂದು ಭಯಂಕರ ಯೋಚನೆ ಬಂತು. ಭಾವನವರು ಬೇಸತ್ತು ಮೂರೂ ಪುಸ್ತಕಗಳ ಲೆಕ್ಕ ಕೂಡಿಸಿ ಸರಾಸರಿ ತೆಗೆದುಬಿಟ್ಟರೆ? ಹೇಗೂ ತುಂಬಿಸುವವರೇ, ಸರಿಯಾದ ಅಳತೆಯಲ್ಲಾದರೂ ತುಂಬಿಸಲಿ ಎಂದು ಅಕ್ಕನಿಗೆ ತಿಳಿಸದೆ ಆನ್‌ಲೈನಿನಲ್ಲಿ ಹುಡುಕಿ ಹೊಚ್ಚ ಹೊಸ ಕೈಪಿಡಿಯೊಂದನ್ನು ತರಿಸಿದೆ. ಅದ್ಭುತವಾದ ಪುಸ್ತಕ! ಹಳೆಯ ಪುಸ್ತಕಗಳು ಯಾಕೆ ಕಿತ್ತಾಡುತ್ತವೆ ಎನ್ನುವುದನ್ನೂ ಅದರಲ್ಲಿ ಬಿಡಿಸಿ ಹೇಳಿದ್ದರು. ಒಬ್ಬೊಬ್ಬರು ಒಂದೊಂದು ನಳಿಗೆಯಲ್ಲಿ, ಒಂದೊಂದು ಬಗೆಯ ಗುಂಡಿಟ್ಟು ಪರೀಕ್ಷೆ ಮಾಡಿರುತ್ತಾರೆ, ಮದ್ದು ಕೂಡ ಒಂದು ಸಲ ತಯಾರಿಸಿದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಹಾಗಾಗಿ ಯಾರೂ ಸುಳ್ಳು ಹೇಳಿಲ್ಲ, ಎಲ್ಲಕ್ಕಿಂತ ಕಡಿಮೆ ತೂಕದಿಂದ ಶುರು ಮಾಡಿದರಾಯಿತು!

ಭಾನುವಾರ ಬೆಳಿಗ್ಗೆ ವಿಜಯೋತ್ಸವದ ಮುಖ ಹೊತ್ತು ಹೋಗಿ ಅದನ್ನು ಭಾವನವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಅವರ ಮುಖ ಇಳಿದುಹೋಯಿತು.

“ಇದನ್ನ ನಿಮ್ಮಕ್ಕ ನೋಡಿದ್ಲಾ?”

“ಇಲ್ಲ ಭಾವ.”

“ಟೆರೇಸಿಗೆ ಬಾ.”

ಟೆರೇಸಿನಲ್ಲಿ ಸಂಡಿಗೆ ಒಣಹಾಕಿತ್ತು. ಭಾವನವರು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ನಿನಗೇನಾದ್ರೂ ಬುದ್ಧಿ ಇದೆಯೇನೋ?”

“ಯಾಕ್ ಭಾವ? ಎಲ್ಲಾ ಸರಿಯಾಗ್ ಹೇಳಿದಾನಲ್ಲ?”

“ಅದೇ ಕಣೋ ತೊಂದ್ರೆ! ಕ್ಲಬ್ಬಿನ ಮೇಷ್ಟ್ರು ಮೊದಲನೇ ದಿನಾನೇ ಹೇಳಿದ್ರು, ಎಲ್ಲಕ್ಕಿಂತ ಕಮ್ಮಿ ಇರೋದ್ರಿಂದ ಶುರು ಮಾಡೋಣ ಬನ್ನಿ ಅಂತ. ಅಷ್ಟೂ ನಂಗೊತ್ತಿಲ್ವಾ?”

“ಮತ್ತೆ ಇಷ್ಟ್ ವರ್ಷ...”

ಅವರು ಒಂದು ಸಂಡಿಗೆಯನ್ನು ಮಗುಚಿ ಹಾಕಿದರು. “ಕ್ಲಬ್ಬಿನ ರೈಫಲ್ಲಲ್ಲಿ ಒಂದ್ಸಲ ಹೊಡೆದು ಬಂದಿದ್ನಲ್ಲ, ಅವತ್ತು ಇವಳು ಗೇಟ್ ಹತ್ರಾನೇ ನಿಂತಿದ್ಲು. ತಿಂಡಿ ತಿಂದಿರ್ಲಿಲ್ಲ. ಬೈಲಿಲ್ಲ ಕಣೋ. ನನ್ ಮುಖ ಎರಡೂ ಕೈಲಿ ಹಿಡ್ಕೊಂಡು ಈ ಕಣ್ಣು ನೋಡಿದ್ಲು, ಆ ಕಣ್ಣು ನೋಡಿದ್ಲು. ಸುಮ್ನೆ ಒಳಗೆ ಹೋದ್ಲು.”

ನಾನೂ ಒಂದು ಸಂಡಿಗೆ ಮಗುಚಿ ಹಾಕಿದೆ.

“ಹಂಗಂತ ಅಪ್ಪನ ರೈಫಲ್ ಹೊಡಿಯಲ್ಲ ಅಂತ ಹೇಳಕ್ಕಾಗುತ್ತಾ? ಹೆಂಡ್ತಿಗೆ ಹೆದರ್ಕೊಂಡ ಅಂತ ನೀವೇ ನಗ್ತೀರ. ಅವಳಿಗೂ, ನನ್ನಿಂದಾಗಿ ಇವರ ಆಸೆ ನಿಂತೋಯ್ತು ಅಂತ ಕೊರಗು. ಪುಸ್ತಕ ಒಪ್ಪಿಲ್ಲ ಅಂದ್ರೆ ಮುಗೀತಪ್ಪ. ಯಾರಿಗೂ ನೋವಿಲ್ಲ.”

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಅಕ್ಕನ ಧ್ವನಿ ಕೇಳಿತು, ಎಂದಿಗಿಂತ ಸಣ್ಣಗೆ. “ರೀ... ಸೋಫಾ ಮೇಲೆ ಪಾರ್ಸೆಲ್ ಕವರ್ ಬಿದ್ದಿದೆ. ಇವನು ಹೊಸ ಪುಸ್ತಕ ತಂದಿದಾನಾ?”

“ತಂದಿದಾನೆ ಕಣೇ, ದಂಡ! ಇದೂ ಬೇರೆ ಲೆಕ್ಕಾನೇ ಹೇಳುತ್ತೆ!”

“ಹೌದೇನೋ?” ಅಕ್ಕ ಕೇಳಿದ್ದು ನನ್ನನ್ನು.

“ಹೂನಕ್ಕ,” ಎಂದೆ. “ಇದಕ್ಕೂ ಆ ಮೂರಕ್ಕೂ ಸಂಬಂಧಾನೇ ಇಲ್ಲ!”

ನಾವು ಕೆಳಗಿಳಿದು ಬಂದಾಗ ಅಕ್ಕ ಕಾವಲಿಯ ಮುಂದಿದ್ದಳು. “ಅಯ್ಯೋ ಪಾಪ, ಎಷ್ಟ್ ಆಸೆ ಇಟ್ಕೊಂಡಿದ್ರೋ,” ಎನ್ನುತ್ತ ಭಾವನವರ ತಟ್ಟೆಗೆ ಬಿಸಿ ಅಕ್ಕಿರೊಟ್ಟಿ ಹಾಕಿದಳು. ಅದರ ಮೇಲೆ, ಡಾಕ್ಟರು ಬೇಡವೆಂದಿದ್ದ ಬೆಣ್ಣೆಯನ್ನು ಅಳತೆಯಿಲ್ಲದೆ ಸವರಿದಳು.