ರಾಯಚೂರಿನ ಮೂವತ್ತೆಂಟು ಮಂದಿ

ರಘುನಂದನಾಚಾರ್ಯರ ವೆಬ್‌ಸೈಟಿನ ಅಡಿಯಲ್ಲಿದ್ದ ಹಳೆಯ ಮೀಟರು ಬಂದವರನ್ನು ಎಣಿಸುತ್ತಿತ್ತೇ ಹೊರತು ಯಾವ ಊರಿನಿಂದ ಬಂದರೆಂದು ಹೇಳುತ್ತಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದರೆ ಆಚಾರ್ಯರು ಸುಖವಾಗಿರುತ್ತಿದ್ದರು.

ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವುದು ಅವರ ಮನೆತನದ ವೃತ್ತಿ. ಹೋದ ವರ್ಷ, ಅಂದರೆ ೨೦೦೬ರಲ್ಲಿ, ಆಸೆಪಟ್ಟು ವೆಬ್‌ಸೈಟು ಮಾಡಿಸಿದರೆ ಮೀಟರು ತಿಂಗಳುಗಟ್ಟಲೆ ಮಿಸುಕಲಿಲ್ಲ. ಆಚಾರ್ಯರು ಸರಿಯಾಗಿ ಊಟವನ್ನೂ ಮಾಡದೆ ಸೊರಗಿದರು. ಈ ದಸರೆಯ ಆಚೀಚೆ ಅದು ಇದ್ದಕ್ಕಿದ್ದಂತೆ ದಿನಕ್ಕೆ ಮೂವತ್ತು ನಲವತ್ತು ಏರತೊಡಗಿತು. ಹೆಂಡತಿ ಮೈತ್ರೇಯಿ ಬಡಿಸಿದ್ದನ್ನೆಲ್ಲ ಉಂಡು, ಇನ್ನಷ್ಟು ಹುಳಿ ಕೇಳುವಂತಾದರು.

ಎಲ್ಲಿಂದ ಬರುತ್ತಾರೆಂದು ತಿಳಿಯುವ ಚಪಲ ಹತ್ತಿದ್ದು ಆಗಲೇ. ಕಾಶಿಯ ಸೋನಾರ್‌ಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಾರಾದೇವಿ ಹಳೆಯ ಮೀಟರು ಕಿತ್ತು ಹೊಸದೊಂದನ್ನು ಹಾಕಿದಳು. ಅದರ ಮೊದಲ ವರದಿ ಇವತ್ತು ಬೆಳಿಗ್ಗೆ ಆಚಾರ್ಯರ ಕೈಗೆ ಬಂತು. ನಿನ್ನೆ ಬಂದವರು ನಲವತ್ತೊಂದು. ರಾಯಚೂರಿನಿಂದ ಮೂವತ್ತೆಂಟು, ವಾರಾಣಸಿಯಿಂದ ಮೂರು. ಆ ಮೂರೂ ತಾವೇ ಎಂಬುದು ಆಚಾರ್ಯರಿಗೆ ಗೊತ್ತಿತ್ತು.

ಒಬ್ಬೊಬ್ಬರೂ ಬಂದು ನಿಂತದ್ದು ಬರೀ ನಾಲ್ಕು ಸೆಕೆಂಡು ಎಂದು ತಾರಾದೇವಿ ಮುಖ ಸಿಂಡರಿಸಿ ತೋರಿಸಿದಳು. ವಿಶ್ವನಾಥನ ಎದುರಿಗೂ ಅಷ್ಟೇ ಹೊತ್ತು ನಿಲ್ಲಗೊಡುವುದು ಎಂದು ಆಚಾರ್ಯರು ಅವಳಿಗೆ ಸಮಾಧಾನ ಹೇಳಿ, ಹಿಗ್ಗಿ ಹೀರೇಕಾಯಿಯಾಗಿ ಹೊರಟರು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಆ ಹಾಳೆ ತೋರಿಸಿದರು. ಅವರು ಮನೆ ಮುಟ್ಟುವುದಕ್ಕೆ ಮುಂಚೆಯೇ ಸುದ್ದಿ ಮುಟ್ಟಿತ್ತು. ದಾಯಾದಿ ವಿಷ್ಣುತೀರ್ಥ ಬಾಗಿಲಲ್ಲೇ ನಿಂತಿದ್ದ.

"ರಘು, ರಾಯಚೂರು ನಮ್ಮದು," ಅಂದ.

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಜ್ಜಂದಿರು ಬೇರೆಯಾದಾಗ ಪಾತ್ರೆ ಪಗಡೆಗಿಂತ ಮೊದಲು ಹಂಚಿಕೊಂಡಿದ್ದು ಯಾತ್ರಿಕರ ಪುಸ್ತಕಗಳನ್ನು. ಬಂದವರ ಹೆಸರು, ಗೋತ್ರ, ತಲೆಮಾರು ಬರೆದಿಡುವ ಆ ಪುಸ್ತಕ ಊರಿಗೊಂದು. ರಾಯಚೂರಿನದು ವಿಷ್ಣುತೀರ್ಥನ ಪಾಲು, ಗದಗಿನದು ಆಚಾರ್ಯರ ಪಾಲು. ಯಾವ ಊರಿನ ಪುಸ್ತಕ ಯಾರಲ್ಲಿದೆಯೋ ಆ ಊರಿನವರು ಅವರ ಮನೆಗೇ ಹೋಗಬೇಕು.

"ಅವರು ಬಂದದ್ದು ನನ್ನ ವೆಬ್‌ಸೈಟಿಗೆ," ಎಂದರು ಆಚಾರ್ಯರು.

"ಎಲ್ಲಿಗರ ಬರ್ಲಿ. ನಿನ್ನ ಮಾವನವರು ರಾಯಚೂರಿಂದ ಕಾಶಿಗೆ ಬಂದಾಗ ಶ್ರಾದ್ಧ ನಮ್ಮನ್ಯಾಗ ಮಾಡಿಸಿ ಹೋಗ್ಲಿಲ್ಲೇನು? ಆವಾಗ ನೀ ತುಟಿಪಿಟಕ್ ಅನ್ನಲಿಲ್ಲ."

ಜಗಳ ಕೇಳಿ ಮಹಡಿಯಿಂದ ಇಬ್ಬರಿಗೂ ಸೋದರತ್ತೆಯಾದ ಪದ್ಮಾಬಾಯಿ ಇಳಿದು ಬಂದರು. "ಪುಸ್ತಕ ಯಾರದೋ ಯಾತ್ರಿಕರೂ ಅವರವರs," ಎಂದು ತೀರ್ಪು ಕೊಟ್ಟರು.

ದಿನಕ್ಕೆ ಮೂವತ್ತೆಂಟು ಮಂದಿ ಕೈತಪ್ಪುವುದನ್ನು ನೆನೆದು ಆಚಾರ್ಯರ ಕಣ್ಣಲ್ಲಿ ನೀರಾಡಿತು. "ಹಂಗಾದ್ರ ಪುಸ್ತಕ ಅದಲುಬದಲು ಮಾಡೋಣು," ಅಂದುಬಿಟ್ಟರು.

ವಿಷ್ಣುತೀರ್ಥ ಯೋಚಿಸಿದವನಂತೆ ಗದ್ದ ಕೆರೆದುಕೊಂಡ. "ಗದಗ ಕೊಡ್ತೀಯೇನು?"

ಮಾರ್ಗಶಿರ ಬಂತೆಂದರೆ ಗದಗಿನಿಂದ ಎರಡು ಬಸ್ಸು ತುಂಬ ಜನ ಬರುತ್ತಿದ್ದರು. ಆಚಾರ್ಯರ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುತ್ತಿದ್ದುದು ಅವರಿಂದ. ಪದ್ಮಾಬಾಯಿಗೇ ದಿಗಿಲಾಯಿತು. "ರಘು, ಮೈತ್ರೇಯಿ ಪ್ಯಾಟಿಂದ ಬರ್ಲಿ. ಆಕಿನ್ನ ಒಂದ್ಮಾತು ಕೇಳೋ."

"ಆಕಿಗೆ ಕಂಪ್ಯೂಟರಿಂದು ಏನ ತಿಳೀತದ ಅತ್ಯಾ," ಎಂದರು ಆಚಾರ್ಯರು.

ಕೆಂಪು ಬಟ್ಟೆಯಲ್ಲಿ ಸುತ್ತಿದ ಗದಗಿನ ಪುಸ್ತಕ ಆಚೆ ಮನೆಗೆ ಹೋಯಿತು. ರಾಯಚೂರಿನದನ್ನು ವಿಷ್ಣುತೀರ್ಥ ಕಪಾಟಿನ ಕುಂಟುಕಾಲಿನ ಕೆಳಗಿನಿಂದ ಎಳೆದು, ದೂಳು ಕೊಡವಿ ತಂದುಕೊಟ್ಟ. ಹನ್ನೆರಡು ವರ್ಷದಿಂದ ಅದರಲ್ಲಿ ಬರೆಸಿದವರು ಆಚಾರ್ಯರ ಮಾವನವರೊಬ್ಬರೇ.

ಸಂಜೆಗೆ ಮೈತ್ರೇಯಿ ಬಂದು ಎಲ್ಲವನ್ನೂ ಕೇಳಿದಳು. ತರಕಾರಿ ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆಯೇ ಕೂತಳು.

"ಗದಗ ಕೊಟ್ಟೇಬಿಟ್ರ್ಯಾ?"

"ಮೂವತ್ತೆಂಟು ಮಂದಿ, ಮೈತ್ರೇಯಿ. ದಿನಾ."

"ಅವರು ಮಂದಿ ಅಲ್ರೀ. ನನ್ನ ತಮ್ಮನ ನೆಟ್ ಸೆಂಟರು. ನೀವು ಊಟಾ ಬಿಟ್ಟು ಕೂತಿದ್ದು ನೋಡಲಿಕ್ಕಾಗದ ನಾನs ಅವಗ ಫೋನ್ ಹಚ್ಚಿದ್ದೆ. ಅಲ್ಲೆ ಯಾರು ಇಂಟರ್‌ನೆಟ್ ಚಾಲೂ ಮಾಡಿದ್ರೂ ಮೊದಲು ನಿಮ್ಮ ವೆಬ್‌ಸೈಟ್ ತೆರೀಬೇಕು, ಹಂಗ ಮಾಡ್ಯಾನ. ಹುಡುಗರು ರಿಸಲ್ಟ್ ನೋಡ್ಲಿಕ್ಕೆ ಬರ್ತಾರ, ನಿಮ್ಮನ್ನ ದಾಟಿ ಹೋಗ್ತಾರ."

ಆಚಾರ್ಯರಿಗೆ ನಾಲ್ಕು ಸೆಕೆಂಡಿನ ಅರ್ಥ ಆಗ ಆಯಿತು. ಸಿಟ್ಟು ಮಾಡೋಣವೆಂದು ಹೆಂಡತಿಯ ಮುಖ ನೋಡಿದರು. ತಾವು ಎರಡು ತುತ್ತು ಉಣ್ಣಲೆಂದು ರಾಯಚೂರನ್ನೇ ಕರೆಸಿದ ಹೆಂಗಸಿನ ಮೇಲೆ ಸಿಟ್ಟು ಬರಲೇ ಇಲ್ಲ, ಪ್ರೀತಿಯೇ ಬಂತು.

"ತಮ್ಮಗ ಬಂದ್ ಮಾಡು ಅಂತ ಹೇಳ್ಲ್ಯಾ?" ಎಂದು ಅವಳು ಅಳುಕುತ್ತ ಕೇಳಿದಳು.

"ಬ್ಯಾಡ ಬ್ಯಾಡ. ಇನ್ನೆರಡು ಮಷೀನು ಹೆಚ್ಚಿಗಿ ಹಾಕು ಅನ್ನು. ವರದಿ ನೋಡ್ಲಿಕ್ಕೆ ವಿಷ್ಣು ದಿನಾ ಬರ್ತಾನಂತ, ಅವನ ಮುಂದ ನಂಬರು ಇಳೀಬಾರದು."

ಮೈತ್ರೇಯಿ ಒಳಗೆ ಹೋಗಿ ಹುಳಿಗೆ ಬೇಳೆ ಇಟ್ಟಳು. ಆಚಾರ್ಯರು ರಾಯಚೂರಿನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮನೆಯೆಲ್ಲ ಹುಡುಕಿ, ಅಲುಗಾಡುವ ಕಾಲಿನ ಮಂಚವೊಂದನ್ನು ಕಂಡು, ಆ ಕಾಲಿನ ಕೆಳಗೆ ಇಟ್ಟರು.